ಅಪ್‌ಡೇಟ್: ಲಿಬ್ರೆಆಫೀಸಿನಲ್ಲಿ ಕನ್ನಡ ಬಂತು

ಕಳೆದ ವಾರ ಕೇಳಿದ್ದೆ, ನೆನಪಿರಬಹುದು. ಕುಂಬಳೆಯ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿದ್ದೆ. ಫೈರ್‌ಫಾಕ್ಸಿನಲ್ಲಿ ಕನ್ನಡ ಟೈಪ್ ಆಗುತ್ತಿತ್ತು, ಪತ್ರ, ಕಡತ ಬರೆಯುವ ಲಿಬ್ರೆಆಫೀಸಿನಲ್ಲಿ ಮಾತ್ರ ಬರೀ ಇಂಗ್ಲಿಷ್ ಅಕ್ಷರ.

ಈಗ ಸರಿಯಾಯಿತು. ತಪ್ಪು ನನ್ನದೇ. ಡಿಸ್ಕಿನಲ್ಲಿ ಜಾಗ ಸಾಲದೆಂದು ಏನೇನೋ ಪ್ಯಾಕೇಜ್ ಕಿತ್ತು ಹಾಕಿದ್ದೆ. ನಿಮ್ಮಲ್ಲೊಬ್ಬರು ಹೇಳಿದಂತೆ ಹೆಲ್ಪ್ ಮೆನುವಿನ ಅಬೌಟ್ ತೆರೆದು ನೋಡಿದೆ. ವಿಸಿಎಲ್ (ಲಿಬ್ರೆಆಫೀಸ್ ತನ್ನ ಕಿಟಕಿ, ಮೆನು ತೋರಿಸಲು ಬಳಸುವ ಭಾಗ) ಎಂಬಲ್ಲಿ ಡೆಸ್ಕ್‌ಟಾಪಿಗೆ ಹೊಂದುವ ಜಿಟಿಕೆ3 ಬದಲು ಹಳೆಯ ಬಗೆಯ ಎಕ್ಸ್11 ಅಂತಿತ್ತು! ಲಿಬ್ರೆಆಫೀಸ್-ಜಿಟಿಕೆ3 ಪ್ಯಾಕೇಜನ್ನು ಮತ್ತೆ ಹಾಕಿ, ಒಮ್ಮೆ ಲಾಗ್ಔಟ್ ಆಗಿ ಬಂದೆ. ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶವಾದ ಐಬಸ್ಸಿನ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯಲ್ಲಿ ಮೊದಲು ಹೊಡೆದದ್ದು ‘ಅಮ್ಮ’. ಮಕಾರದ ಒತ್ತು ಸರಿಯಾಗಿ ಕೆಳಗೆ ಕೂತಿತು. ಮಲಯಾಳಕ್ಕೂ ಅದೇ ಐಬಸ್, ಸೂಪರ್ (ವಿಂಡೋಸ್ ಗುರುತಿನ ಕೀಲಿ) ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲು. ಕಾಸರಗೋಡಿನ ಈ ಕಡೆ ಎರಡೂ ಬೇಕಲ್ವಾ.

ಲಿನಕ್ಸಿನ ಬೇರೆ ಬಗೆಗಳಾದ ಫೆಡೋರಾಕ್ಕೆ ಹೋಗಿ, ಡೆಬಿಯನ್ನಿಗೆ ಹೋಗಿ ಎಂದವರಿಗೆ ಥ್ಯಾಂಕ್ಸ್, ಆದರೆ ಹೋಗಲಿಲ್ಲ. ಅಲ್ಲೂ ನಾನು ಅದೇ ಪ್ಯಾಕೇಜ್ ಕೀಳುತ್ತಿದ್ದೆ. 4 ಜಿಬಿ ರ‍್ಯಾಮಿಗೆ ಮಿಂಟಿನ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಸಾಕು ಎಂದವರ ಮಾತು ಮಾತ್ರ ಕೇಳಿದೆ. ಮಿಂಟಿನ ಇನ್ನೊಂದು ಡೆಸ್ಕ್‌ಟಾಪ್ ಸಿನಮನ್‌ಗಿಂತ ಹಗುರ.

ಇನ್ನೊಂದು ಉಳಿದಿದೆ. ಅಪ್ಪನ ಹಳೆಯ ಆಮಂತ್ರಣದ ಫೈಲುಗಳು ಈಗಲೂ ಬರೀ ಗೀಚು. ಅದು ಲಿನಕ್ಸಿನ ತಪ್ಪಲ್ಲ, ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ಮುಂಚಿನ ಫಾಂಟಿನಲ್ಲಿ ಬರೆದದ್ದು. ಫಾಂಟ್ ಬದಲಿಸಿದರೆ ಸುಮ್ನೆ ಕಾಟ, ಹಳೆಯ ಅಕ್ಷರವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿಯೇ ತೆಗೆಯಬೇಕು. ಎರಡು ಫೈಲ್ ಮುಗಿದಿದೆ, ಅರ್ಕಾವತ್ತು ಅಲ್ಲಲ್ಲಿ ಎಡವುತ್ತದೆ, ಕೈಯಲ್ಲೇ ತಿದ್ದುತ್ತಿದ್ದೇನೆ.