‘ಮೆಣಸು’ ಅಂದರೆ ಯಾವ ಮೆಣಸು? 16ನೇ ಶತಮಾನದ ಬರಹಗಳ ಅನುವಾದದಲ್ಲಿ

ಪ್ರಶ್ನೆ:

ಪೋರ್ಚುಗೀಸರು ಮಲಬಾರು ಮತ್ತು ಕೆನರಾ ಕರಾವಳಿಯಲ್ಲಿ ನಡೆಸಿದ ವ್ಯಾಪಾರದ ಬಗ್ಗೆ ಒಂದು ಬರಹ ಕನ್ನಡಕ್ಕೆ ಬರುತ್ತಿದೆ. ಅದರಲ್ಲಿ ಪುಟಪುಟಕ್ಕೂ ‘ಪಿಮೆಂತಾ’ ಎಂಬ ಪದ, ಪೋರ್ಚುಗೀಸಿನಲ್ಲಿ ಮೆಣಸು. ‘ಮೆಣಸು’ ಎಂದು ಬರೆದರೆ ಮಂಗಳೂರು ಕಡೆಯ ಓದುಗರ ಕಣ್ಣಿಗೆ ಕೆಂಪಗಿನ ಬ್ಯಾಡಗಿ ಬರುತ್ತದೆ. ‘ಕಾಳುಮೆಣಸು’ ಎಂದರೆ ಆ ಕಾಲದ ಮೇಲೆ ಈಗಿನ ಪದ ಹೇರಿದಂತಾಗುತ್ತದೆಯೇ? ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದ ‘ರೈನಾ ದ ಪಿಮೆಂತಾ’ಕ್ಕೆ ಯಾವುದು ಸರಿ? ಜೊತೆಗೆ, ಸರಕಿನ ಲೆಕ್ಕದಲ್ಲಿ ಬರುವ ‘ಕ್ವಿಂತಾಲ್’ ನಮ್ಮ ಕ್ವಿಂಟಲ್ಲೇ?

ಉತ್ತರ 1:

ಅನುವಾದದ ವಾಕ್ಯಗಳಲ್ಲಿ ‘ಕಾಳುಮೆಣಸು’ ಎಂದೇ ಬರೆಯಿರಿ. ಹಳಗನ್ನಡ, ನಡುಗನ್ನಡದ ಪಠ್ಯವನ್ನು ಉದ್ಧರಿಸುವಾಗ ಮಾತ್ರ ಮೂಲದಲ್ಲಿದ್ದಂತೆ ‘ಮೆಣಸು’ ಉಳಿಸಿ, ಅಡಿಟಿಪ್ಪಣಿಯಲ್ಲಿ ಅರ್ಥ ಕೊಡಿ. 1500ಕ್ಕಿಂತ ಹಿಂದಿನ ಯಾವ ಕನ್ನಡ ಬರಹದಲ್ಲಿ ‘ಮೆಣಸು’ ಕಂಡರೂ ಅದು ಬಳ್ಳಿಯ ಕಾಳೇ. ಕೆಂಪು ಕಾಯಿ ಆಗಿನ್ನೂ ಅಮೆರಿಕ ಖಂಡ ಬಿಟ್ಟು ಇತ್ತ ಬಂದಿರಲಿಲ್ಲ. ‘ವಾಸ್ಕೋ ಡ ಗಾಮ ಮೆಣಸಿನಕಾಯಿ ಹುಡುಕಿಕೊಂಡು ಬಂದ’ ಎಂಬ ಸಾಲು ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ನಡೆದದ್ದು ತಿರುಗಾಮುರುಗಾ: 1498ರಲ್ಲಿ ಅವನು ಹುಡುಕಿಕೊಂಡು ಬಂದದ್ದು ಕಾಳನ್ನು, ಕಾಯಿ ಆಮೇಲೆ ಅವರ ಹಡಗುಗಳಲ್ಲೇ ಇಲ್ಲಿಗೆ ಬಂತು.

‘ಮೆಣಸಿನಕಾಯಿ’ ಎಂಬ ಪದದ ಕಟ್ಟಣೆ ನೋಡಿ. ಮೆಣಸು ಮಾಡುವ ಕೆಲಸವನ್ನು, ಅಂದರೆ ಖಾರವನ್ನು, ಮಾಡುವ ಕಾಯಿ. ತಮಿಳಿನವರೂ ಹೀಗೇ ಮಿಳಗು + ಕಾಯ್ ಸೇರಿಸಿ ‘ಮಿಳಗಾಯ್’ ಮಾಡಿಕೊಂಡರು. ಮಲಯಾಳದವರು ಹಡಗಿನಲ್ಲಿ ಬಂದದ್ದೆಂದು ‘ಕಪ್ಪಲ್ ಮುಳಗು’ ಎಂದರು. ಹೊಸ ವಸ್ತುವಿಗೆ ಹಳೆಯ ಹೆಸರಿನ ಆಸರೆ ಕೊಡುವ ಈ ರೂಢಿ ನಮ್ಮದಷ್ಟೇ ಅಲ್ಲ. ಕೊಲಂಬಸನೂ 1492ರಲ್ಲಿ ಹೊರಟದ್ದು ಮಸಾಲೆಯ ನಾಡಿಗೆಂದೇ. ಕೆರಿಬಿಯನ್ ದ್ವೀಪಗಳಲ್ಲಿ ಸಿಕ್ಕ ಖಾರದ ಕಾಯಿಗೆ ಸ್ಪ್ಯಾನಿಷರು ‘ಪಿಮಿಯೆಂತೊ’ ಎಂಬ ಹೆಸರಿಟ್ಟರು. ಕಾಳುಮೆಣಸಿಗೆ ‘ಪಿಮಿಯೆಂತಾ’ ಎಂಬ ಹೆಸರೇ ಉಳಿಯಿತು. ಒಂದೇ ಪದ, ಲಿಂಗ ಮಾತ್ರ ಬೇರೆ.

ಹೊಸದಕ್ಕೆ ಹೆಸರಿಟ್ಟ ಮೇಲೆ ಹಳೆಯದರ ಹೆಸರೂ ಅಲುಗಿತು. ಕಾಯಿ ಮನೆಮನೆಗೂ ಹರಡಿದಂತೆ ಬರಿಯ ‘ಮೆಣಸು’ ಎಂಬ ಪದ ಕೆಲವು ಕಡೆ ಕಾಯಿಯ ಪಾಲಾಯಿತು, ಮೊದಲಿನ ಒಡೆಯನಿಗೆ ವಿಶೇಷಣ ಬೇಕಾಯಿತು. ‘ಕಾಳುಮೆಣಸು’, ‘ಕರಿಮೆಣಸು’, ದಕ್ಷಿಣ ಕನ್ನಡದ ‘ಒಳ್ಳೆಮೆಣಸು’ ಇವೆಲ್ಲ ಹೀಗೆ ಬೇಕಾದ ಹೆಸರುಗಳು. ತುಳುವಿನಲ್ಲಿ ಮೆಣಸಿನಕಾಯಿಗೆ ‘ಮುಂಚಿ’, ಕಾಳಿಗೆ ‘ಎಡ್ಡೆ ಮುಂಚಿ’. ಎಡ್ಡೆ ಎಂದರೂ ಒಳ್ಳೆಯದೇ. ಮಲಯಾಳದ ‘ನಲ್ಲಮುಳಗು’ ಕೂಡ ಇದೇ ಜಾಡು. ಇಲ್ಲಿನ ‘ಒಳ್ಳೆ’ ಗುಣಕ್ಕಿಂತ ಹೆಚ್ಚಾಗಿ ‘ಅಸಲಿ’ ಎಂಬುದನ್ನು ಹೇಳುತ್ತದೆ.

ಕಾಳುಮೆಣಸು ಬೆಳೆಯುವ ಕರಾವಳಿಯಲ್ಲೇ ಕಾಯಿ ಆ ಹೆಸರನ್ನು ಗೆದ್ದದ್ದು ಏಕೆ? ಕಾರಣ ಬೇಸಾಯದಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಕಾಳಿನ ಬಳ್ಳಿಗೆ ಹಬ್ಬಲು ಮರ ಬೇಕು, ನೆರಳು, ಜಡಿಮಳೆ ಬೇಕು. ನೆಟ್ಟ ಮೇಲೆ ಫಸಲಿಗೆ ಮೂರು-ನಾಲ್ಕು ವರ್ಷ ಕಾಯಬೇಕು. ಮೆಣಸಿನಕಾಯಿಯ ಬೀಜ ಹಿತ್ತಲಲ್ಲಿ ಎರಚಿದರೆ ಮೂರು-ನಾಲ್ಕು ತಿಂಗಳಿಗೆ ಕಾಯಿ ಬಿಡುತ್ತದೆ, ಮುಂದಿನ ವರ್ಷದ ಬೀಜವೂ ಅದರೊಳಗೇ ಇರುತ್ತದೆ. ಕಾಳು ಬಂದರಿಗೆ ಹೋಗುವ ಮಾಲು, ಕಾಯಿ ಒರಳಿಗೆ ಹೋಗುವ ಸಾಮಾನು. ದಿನಕ್ಕೆರಡು ಸಲ ಬಾಯಲ್ಲಿ ಬರುವ ವಸ್ತುವಿಗೆ ಚಿಕ್ಕ ಹೆಸರು ದಕ್ಕುತ್ತದೆ.

ಗೊಂದಲ ಈಗಲೂ ಇದೆ. ‘ಮೆಣಸಿನ ಸಾರು’ ಎಂದರೆ ಮೈಸೂರಿನಲ್ಲಿ ಕಾಳು ಕುಟ್ಟಿ ಹಾಕಿದ ಸಾರು. ಅದೇ ಉಡುಪಿಯ ಅಡುಗೆ ಚೀಟಿಯಲ್ಲಿ ‘ಮೆಣಸು 10’ ಎಂದಿದ್ದರೆ ಹತ್ತು ಒಣಮೆಣಸಿನಕಾಯಿ. ಹತ್ತು ಕಾಳು ಹಾಕಿದರೆ ಗಸಿಗೆ ಬಣ್ಣವೂ ಇಲ್ಲ, ಖಾರವೂ ಇಲ್ಲ. ‘ಜೀರಿಗೆ ಮೆಣಸು’ ಪುಟ್ಟ ಕಾಯಿಯ ಜಾತಿ, ‘ಬಾಲಮೆಣಸು’ ಕಾಳಿನ ಜಾತಿ, ಜಾವಾ ಕಡೆಯದು.

ಇನ್ನು ‘ಕರಿಮೆಣಸು’ ಬೇಡ ಎನ್ನಲು ಒಂದು ಕಾರಣವಿದೆ. ಅದೇ ಹಣ್ಣನ್ನು ನೆನೆಸಿ ಸಿಪ್ಪೆ ತೆಗೆದರೆ ಬಿಳಿ ಕಾಳು, ಶಿರಸಿ ಕಡೆಯ ಬೋಳಕಾಳು. ಮೂಲದಲ್ಲಿ ಬಣ್ಣ ಹೇಳದೆ ‘ಪಿಮೆಂತಾ’ ಎಂದಷ್ಟೇ ಇರುವಾಗ ‘ಕಾಳುಮೆಣಸು’ ಎರಡಕ್ಕೂ ಹೊಂದುತ್ತದೆ. ಹಾಗಾಗಿ ಚೆನ್ನಭೈರಾದೇವಿ ‘ಕಾಳುಮೆಣಸಿನ ರಾಣಿ’. ‘ಮೆಣಸಿನ ರಾಣಿ’ ಕಿವಿಗೆ ಇಂಪು, ಆದರೆ ಅರ್ಧ ನಾಡಿಗೆ ತಪ್ಪು ಚಿತ್ರ ಕೊಡುತ್ತದೆ.

ಒಂದು ಎಚ್ಚರಿಕೆ: ಬರಹ ಬ್ರೆಜಿಲಿಗೆ ದಾಟಿದರೆ ‘ಪಿಮೆಂತಾ’ದ ಅರ್ಥ ಮಗುಚುತ್ತದೆ. ಅಲ್ಲಿ ಬರಿಯ ಪಿಮೆಂತಾ ಎಂದರೆ ಮೆಣಸಿನಕಾಯಿ. ಕಾಳಿಗೆ ‘ಪಿಮೆಂತಾ ದೊ ರೇಯ್ನೊ’, ಅಂದರೆ ‘ರಾಜ್ಯದ ಮೆಣಸು’. ರಾಜ್ಯವೆಂದರೆ ಪೋರ್ಚುಗಲ್. ಕೇರಳದ ಬಳ್ಳಿಯ ಕಾಳು ಲಿಸ್ಬನ್ ಹಾದು ಬ್ರೆಜಿಲ್ ತಲುಪುವಷ್ಟರಲ್ಲಿ ಪೋರ್ಚುಗಲ್ಲಿನದಾಗಿತ್ತು.

ಉತ್ತರ 2:

ತೂಕದ ಬಗ್ಗೆ. ‘ಕ್ವಿಂತಾಲ್’ ನಮ್ಮ 100 ಕಿಲೋದ ಕ್ವಿಂಟಲ್ ಖಂಡಿತ ಅಲ್ಲ. ಆಗಿನ ಪೋರ್ಚುಗೀಸ್ ಲೆಕ್ಕದಲ್ಲಿ ಎರಡು ಬಗೆ: 128 ಅರಾತೆಲಿನ (ಅರಾತೆಲ್ ಎಂದರೆ ಅವರ ಹಳೆಯ ಪೌಂಡ್) ‘ದೊಡ್ಡ ತೂಕ’ ಸುಮಾರು 58.75 ಕಿಲೋ, 112 ಅರಾತೆಲಿನ ‘ಸಣ್ಣ ತೂಕ’ ಸುಮಾರು 51.4 ಕಿಲೋ. ಕಾಳುಮೆಣಸನ್ನು ಲೆಕ್ಕ ಹಾಕುತ್ತಿದ್ದದ್ದು ಸಣ್ಣ ತೂಕದಲ್ಲಿ. ಕನ್ನಡದಲ್ಲಿ ‘1,000 ಕ್ವಿಂಟಲ್’ ಎಂದು ಸುಮ್ಮನೆ ಇಳಿಸಿದರೆ 51 ಟನ್ ಮಾಲು 100 ಟನ್ ಆಗಿ ಕೂರುತ್ತದೆ. ‘ಕ್ವಿಂತಾಲ್’ ಎಂದೇ ಇಟ್ಟು, ಮೊದಲ ಸಲ ಬಂದಲ್ಲಿ ಕಿಲೋ ಲೆಕ್ಕ ಕೊಡಿ. ‘ಬಾರ್’, ‘ಬಹಾರ್’ ಸಿಕ್ಕರೆ ಅದು ಸಂಸ್ಕೃತದ ‘ಭಾರ’ವೇ, ಅರಬ್ಬಿಯ ಮೂಲಕ ಸುತ್ತಿ ಬಂದದ್ದು. ಅದರ ತೂಕ ಬಂದರಿನಿಂದ ಬಂದರಿಗೆ ಬೇರೆ, ಊರ ಹೆಸರು ನೋಡದೆ ಕಿಲೋಗೆ ತಿರುಗಿಸಬೇಡಿ.

ಲೆಕ್ಕಪತ್ರದಲ್ಲಿ ‘ಕೆಬ್ರಾ’ ಎಂಬ ಪದವೂ ಎದುರಾಗುತ್ತದೆ. ನಿಘಂಟಿನಲ್ಲಿ ‘ಒಡೆತ’ ಎಂದಿರುತ್ತದೆ, ಇಲ್ಲಿ ಅದು ಹೊಂದದು. ಹಸಿ ಆರದ ಕಾಳನ್ನು ತುಂಬಿದ ಹಡಗು ತಿಂಗಳುಗಟ್ಟಲೆ ಸಾಗಿ ಲಿಸ್ಬನ್ ಮುಟ್ಟುವಾಗ ಕಾಳು ಒಣಗಿ ತೂಕ ಇಳಿದಿರುತ್ತಿತ್ತು. ಆ ಇಳಿತವೇ ‘ಕೆಬ್ರಾ’. ‘ತೂಕದ ಖೋತಾ’ ಎಂದರೆ ಅಂಗಡಿ ಸಾಲಿನ ಯಾರಿಗೂ ತಿಳಿಯುತ್ತದೆ.

ಉತ್ತರ 3:

ಮೊದಲ ಉತ್ತರಕ್ಕೊಂದು ಸೇರ್ಪಡೆ. ಮೆಣಸಿನ ಹೆಸರು ಹೀಗೆ ಕೈಬದಲಾದದ್ದು ಇದೇ ಮೊದಲಲ್ಲ. ಸಂಸ್ಕೃತದ ‘ಪಿಪ್ಪಲಿ’ ನಮ್ಮ ಹಿಪ್ಪಲಿ, ಉದ್ದನೆಯ ತೆನೆಯದು. ಅದೇ ಪದ ಗ್ರೀಕಿನಲ್ಲಿ ‘ಪೆಪೆರಿ’, ಲ್ಯಾಟಿನ್ನಿನಲ್ಲಿ ‘ಪಿಪರ್’ ಆಗಿ, ಕೊನೆಗೆ ಇಂಗ್ಲಿಷಿನ ‘ಪೆಪ್ಪರ್’ ಆಗಿ ದುಂಡು ಕಾಳಿನ ಮೇಲೆ ಕೂತಿತು. ‘ಪಿಮೆಂತಾ’ ಮಾತ್ರ ಈ ವಂಶದ್ದಲ್ಲ. ಅದು ಬಣ್ಣ ಎಂಬರ್ಥದ ಲ್ಯಾಟಿನ್ ‘ಪಿಗ್ಮೆಂತುಂ’ನಿಂದ ಬಂದದ್ದು. ಎರಡನ್ನೂ ಒಂದೇ ಬೇರಿಗೆ ಕಟ್ಟಬೇಡಿ.

ಬರಹದಲ್ಲಿ ತಮಿಳು ಆಕರಗಳಿದ್ದರೆ ‘ಪರಂಗಿ’ಯ ಮೇಲೂ ಒಂದು ಕಣ್ಣಿರಲಿ. ಕನ್ನಡದ ಪರಂಗಿ ಹಣ್ಣು ಪಪ್ಪಾಯಿ, ತಮಿಳಿನ ಪರಂಗಿಕ್ಕಾಯ್ ಕುಂಬಳದ ಜಾತಿಯ ಸಿಹಿಗುಂಬಳ. ಎರಡೂ ಅಮೆರಿಕದಿಂದ ಬಂದವು, ಆದರೆ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲದು.