ಹೊಸ ಲೇಪದ ಬೋಲ್ಟುಗಳ ಮೂಲೆ ಕಿತ್ತುಬರುತ್ತಿದೆ: ಕಡಿಮೆ ಬೆಲೆಯ ಒಳ್ಳೆಯ ಸಾಕೆಟ್ ಯಾವುದು?

ಅಪ್ಪನಗಾಡಿ_ಮೈಸೂರು:
ಎರಡು ವರ್ಷಗಳಿಂದ ಅಪ್ಪನ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. ಮೂಲ ಬೋಲ್ಟುಗಳನ್ನೇ ಉಳಿಸಿಕೊಳ್ಳಬೇಕೆಂದು ಇನ್ನೂರಕ್ಕೂ ಹೆಚ್ಚು ಬೋಲ್ಟುಗಳ ತುಕ್ಕು ತೆಗೆಸಿ ಹಳದಿ ಜಿಂಕ್ ಪ್ಲೇಟಿಂಗ್ ಮಾಡಿಸಿದೆ. ನಿನ್ನೆ ಎಂಜಿನ್ನಿನ ಟೈಮಿಂಗ್ ಕವರಿನ ಮೊದಲ ಬೋಲ್ಟನ್ನು ಬಿಗಿ ಮಾಡಿ ಸಾಕೆಟ್ (ಬೋಲ್ಟಿನ ತಲೆಗೆ ತೊಡಿಸಿ ತಿರುಗಿಸುವ ಉಪಕರಣ) ತೆಗೆದು ನೋಡಿದರೆ ಆರೂ ಮೂಲೆಗಳಲ್ಲಿ ಹಳದಿ ಹೋಗಿ, ಉಗುರಿನಿಂದ ಗೀರಿದಂತೆ ಬಿಳಿಯ ಗೆರೆಗಳು ಮೂಡಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಸಂಕಟ ನನ್ನದು. ಎರಡು ಸಾವಿರ ರೂಪಾಯಿಯ ಒಳಗೆ ಲೇಪಕ್ಕೆ ಗಾಯ ಮಾಡದ ಸಾಕೆಟ್ ಸೆಟ್ ಯಾವುದೆಂದು ದಯವಿಟ್ಟು ತಿಳಿಸಿ.

ರಿಂಗ್‌ಸ್ಪ್ಯಾನರ್_ಹಾಸನ:
ನಿಮ್ಮದು ಹನ್ನೆರಡು ಮೂಲೆಯ ಸಾಕೆಟ್ ಆಗಿರಲೇಬೇಕು. ಅದು ಬೋಲ್ಟಿನ ತಲೆಯನ್ನು ಮೂಲೆಯ ಹತ್ತಿರವೇ ಒತ್ತುತ್ತದೆ. ಆರು ಮೂಲೆಯದನ್ನು ಕೊಂಡರೆ ಸಮಸ್ಯೆ ಮುಗಿಯಿತು.

ಅಪ್ಪನಗಾಡಿ_ಮೈಸೂರು:
ಆರು ಮೂಲೆಯದನ್ನೇ ಬಳಸುತ್ತಿದ್ದೇನೆ, ಸರ್. 13 ಮಿ.ಮೀ. ಸಾಕೆಟ್, ಹೊಸದು.

ರಿಂಗ್‌ಸ್ಪ್ಯಾನರ್_ಹಾಸನ:
ಹಾಗಾದರೆ ಅದು ಅಗ್ಗದ ಮಾಲು. ಆರು ಮೂಲೆಯೆಂದು ಮಾರುವ ಎಷ್ಟೋ ಸಾಕೆಟ್‌ಗಳ ಒಳಮೈ ಒರಟಾಗಿರುತ್ತದೆ. ನಾನು ಮೂವತ್ತು ವರ್ಷಗಳಿಂದ ತಪಾರಿಯಾ ಕಂಪನಿಯ ಸೆಟ್ ಒಂದನ್ನೇ ಬಳಸುತ್ತಿದ್ದೇನೆ.

ಗೇರ್_ಲಿವರ್:
ಸಾಕೆಟ್ ಒಳಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಅಂಟಿಸಿ ನೋಡಿ. ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ರಿಂಗ್‌ಸ್ಪ್ಯಾನರ್_ಹಾಸನ:
ಸರಿಯಾದ ಅಳತೆಯ ಸಾಕೆಟ್ ಒಳಗೆ ಎರಡು ಸುತ್ತು ಟೇಪ್ ಹಿಡಿಸುವುದೇ ಇಲ್ಲ. ಹಿಡಿಸಿತೆಂದರೆ ಸಾಕೆಟ್ ಸಡಿಲವೆಂದೇ ಅರ್ಥ.

ಅಪ್ಪನಗಾಡಿ_ಮೈಸೂರು:
ಟೇಪ್ ಸಲೀಸಾಗಿ ಹಿಡಿಸಿತು, ಗಾಯವೂ ಕಡಿಮೆಯಾಯಿತು. ಆದರೆ ಮೂರನೆಯ ಬೋಲ್ಟಿಗೆ ಟೇಪ್ ಹರಿದು ಮುದ್ದೆಯಾಯಿತು.

ಕಾರ್ಬ್ಯುರೇಟರ್_ಅಮ್ಮ:
ಟೇಪ್ ಹಿಡಿಸಿತೆಂಬುದೇ ದೊಡ್ಡ ಸುಳಿವು. ಇಷ್ಟು ಮಾತಾದರೂ ಯಾವ ಕಾರೆಂದು ಯಾರೂ ಕೇಳಲಿಲ್ಲ, ನೀವೂ ಹೇಳಲಿಲ್ಲ.

ಅಪ್ಪನಗಾಡಿ_ಮೈಸೂರು:
ಕ್ಷಮಿಸಿ, ಹಳೆಯ ಪೋಸ್ಟ್‌ಗಳಿಂದ ಎಲ್ಲರಿಗೂ ಗೊತ್ತಿರುತ್ತದೆಂದು ಭಾವಿಸಿದ್ದೆ. ಅಂಬಾಸಿಡರ್ ಮಾರ್ಕ್ 2, 1489 ಸಿಸಿ ಪೆಟ್ರೋಲ್ ಎಂಜಿನ್.

ಕಾರ್ಬ್ಯುರೇಟರ್_ಅಮ್ಮ:
ಹಾಗಾದರೆ ನಿಮ್ಮ ಸಾಕೆಟ್ ಅಗ್ಗದ್ದಲ್ಲ, ಅಳತೆ ತಪ್ಪಿದ್ದು. ಆ ಎಂಜಿನ್ ಮಾರಿಸ್ ಕಾಲದ ಇಂಗ್ಲಿಷ್ ವಿನ್ಯಾಸ. ಅದರ ಬೋಲ್ಟುಗಳು ಇಂಚಿನ ಲೆಕ್ಕದವು. 5/16 ಇಂಚು ದಪ್ಪದ ಬೋಲ್ಟಿನ ತಲೆ 1/2 ಇಂಚು, ಅಂದರೆ 12.7 ಮಿ.ಮೀ. ನಿಮ್ಮ 13ರ ಸಾಕೆಟ್ ಅಲ್ಲಿ 0.3 ಮಿ.ಮೀ. ಸಡಿಲವಾಗಿ ನಿಂತು, ಬಲ ಕೊಟ್ಟಾಗ ಸ್ವಲ್ಪ ತಿರುಗಿ ಮೂಲೆಗಳನ್ನಷ್ಟೇ ಹಿಡಿಯುತ್ತದೆ. 1/4 ಇಂಚಿನ ಬೋಲ್ಟಿನ ತಲೆ 7/16, ಅಂದರೆ 11.1 ಮಿ.ಮೀ.; ಅದಕ್ಕೆ 11 ಹೋಗುವುದಿಲ್ಲ, 12 ಕುಣಿಯುತ್ತದೆ. 3/4 ಇಂಚಿಗೆ ಮಾತ್ರ 19ರ ಸಾಕೆಟ್ ಸರಿಯಾಗಿ ಕೂರುವುದರಿಂದ ಉಳಿದವೂ ಕೂರುತ್ತವೆಂಬ ನಂಬಿಕೆ ಬೆಳೆದುಬಿಟ್ಟಿದೆ. ಪೂರ್ತಿ ಸೆಟ್ ಬೇಡ. 7/16, 1/2, 9/16 ಈ ಮೂರನ್ನು ಬಿಡಿಯಾಗಿ ಕೊಂಡರೆ ಎಂಜಿನ್ನಿನ ಬಹುಪಾಲು ಕೆಲಸ ನಡೆಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಎಸ್.ಜೆ.ಪಿ. ರಸ್ತೆಯಲ್ಲೋ ಹುಡುಕಿ. ಹೋಗುವಾಗ ಒಂದೊಂದು ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಕೂರಿಸಿ ನೋಡಿ.

ಡೀಸೆಲ್_ಶಿವಮೊಗ್ಗ:
ಇದನ್ನು ಒಪ್ಪಲಾರೆ. ನನ್ನ ಅಂಬಾಸಿಡರಿಗೆ ಮಿಲಿಮೀಟರ್ ಸಾಕೆಟ್‌ಗಳು ಬಿಗಿಯಾಗಿ ಕೂರುತ್ತವೆ.

ಕಾರ್ಬ್ಯುರೇಟರ್_ಅಮ್ಮ:
ನಿಮ್ಮದು ಇಸುಜು ಎಂಜಿನ್ನಿನ ಗಾಡಿಯೇ?

ಡೀಸೆಲ್_ಶಿವಮೊಗ್ಗ:
ಹೌದು, ಇಸುಜು. ಅದು ಜಪಾನಿನ ವಿನ್ಯಾಸವೆಂಬುದು ಹೊಳೆಯಲಿಲ್ಲ. ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಗೇರ್_ಲಿವರ್:
ಬೋಲ್ಟಿನ ಮರೆಗೆ (ತಿರುಪಿನ ಸುತ್ತುಗಳಿಗೆ) ಗ್ರೀಸ್ ಹಚ್ಚಿದರೆ ಕಡಿಮೆ ಬಲ ಸಾಕಾಗಿ ಲೇಪವೂ ಉಳಿಯುತ್ತದೆ.

ರಿಂಗ್‌ಸ್ಪ್ಯಾನರ್_ಹಾಸನ:
ಒಣ ಮರೆಗೆ ಹೇಳಿದ ಟಾರ್ಕನ್ನೇ (ತಿರುಗಿಸುವ ಬಲವನ್ನೇ) ಗ್ರೀಸ್ ಹಚ್ಚಿದ ಮರೆಗೆ ಕೊಟ್ಟರೆ ಬೋಲ್ಟ್ ಮಿತಿಮೀರಿ ಹಿಗ್ಗುತ್ತದೆ. ಇದನ್ನು ಹೇಳದೆ ಗ್ರೀಸಿನ ಸಲಹೆ ಕೊಡುವುದು ಅಪಾಯ.

ಗೇರ್_ಲಿವರ್:
ಟಾರ್ಕ್ ಇಳಿಸಬೇಕೆಂಬುದು ಎಲ್ಲರಿಗೂ ತಿಳಿದದ್ದೇ.

ರಿಂಗ್‌ಸ್ಪ್ಯಾನರ್_ಹಾಸನ:
ಎಷ್ಟು ಇಳಿಸಬೇಕೆಂದು ನೀವು ಬರೆದಿಲ್ಲವಲ್ಲ.

ಅಪ್ಪನಗಾಡಿ_ಮೈಸೂರು:
ಮೂರೂ ಸಾಕೆಟ್ ತಂದೆ. ಎರಡು ಸಾವಿರದಲ್ಲಿ ಅರ್ಧದಷ್ಟೂ ಖರ್ಚಾಗಲಿಲ್ಲ. 1/2 ಇಂಚಿನದು ಬೋಲ್ಟಿನ ಮೇಲೆ ಜಾರಿ ಕೂತ ರೀತಿಯೇ ಬೇರೆ, ಅಲ್ಲಾಡಿಸಿದರೂ ಅಲ್ಲಾಡುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ತುಂಡೊಂದನ್ನು ನಡುವೆ ಇಟ್ಟು ಬಿಗಿ ಮಾಡಿದೆ. ತೆಗೆದಾಗ ಪ್ಲಾಸ್ಟಿಕ್ಕಿನ ಮೇಲೆ ಆರು ಗೆರೆಗಳಿದ್ದವು, ಬೋಲ್ಟಿನ ಮೇಲೆ ಒಂದೂ ಇರಲಿಲ್ಲ. ಆದರೆ 7/16ರ ತೆಳು ತಲೆಯ ಬೋಲ್ಟುಗಳ ಮೇಲಂಚು ಇನ್ನೂ ಸ್ವಲ್ಪ ಉಜ್ಜುತ್ತಿದೆ.

ಕಾರ್ಬ್ಯುರೇಟರ್_ಅಮ್ಮ:
ಸಾಕೆಟ್ಟಿನ ಬಾಯಿಯ ಒಳಅಂಚನ್ನು ಬೆರಳಿನಿಂದ ಸವರಿ ನೋಡಿ, ಇಳಿಜಾರು ಸಿಗುತ್ತದೆ. ಅಷ್ಟು ಆಳದವರೆಗೆ ಅದು ಬೋಲ್ಟನ್ನು ಹಿಡಿಯುವುದೇ ಇಲ್ಲ, ತೆಳು ತಲೆಗೆ ಉಳಿಯುವ ಹಿಡಿತ ತೀರಾ ಕಡಿಮೆ. ಗ್ರೈಂಡರಿನಲ್ಲಿ ಬಾಯಿಯನ್ನು ಆ ಇಳಿಜಾರು ಹೋಗುವಷ್ಟು ಸಮವಾಗಿ ಉಜ್ಜಿಸಿ. ಬಿಸಿಯಾಗಿ ನೀಲಿ ತಿರುಗದಂತೆ ಆಗಾಗ ನೀರಿನಲ್ಲಿ ಅದ್ದಬೇಕು. ಉಜ್ಜಿದ ಮೇಲೆ ಅಂಚಿನ ಸಿಬಿರನ್ನು ಅರದಿಂದ ತೆಗೆಯುವುದನ್ನು ಮರೆಯಬೇಡಿ, ಇಲ್ಲವಾದರೆ ಅದೇ ಲೇಪವನ್ನು ಕೆರೆಯುತ್ತದೆ.

ಅಪ್ಪನಗಾಡಿ_ಮೈಸೂರು:
ನಾಳೆಯೇ ಉಜ್ಜಿಸುತ್ತೇನೆ, ಮೇಡಂ. ಗಾಯವಾದ ನಾಲ್ಕು ಬೋಲ್ಟುಗಳನ್ನು ಮತ್ತೆ ಪ್ಲೇಟಿಂಗಿಗೆ ಕಳುಹಿಸುವಾಗ ಎಂಜಿನ್ನಿನ ಒಳಗೆ ಪಿಸ್ಟನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೋಲ್ಟುಗಳನ್ನೂ ಜೊತೆಗೆ ಕೊಡಬಹುದೇ?

ಕಾರ್ಬ್ಯುರೇಟರ್_ಅಮ್ಮ:
ಬೇಡವೇ ಬೇಡ. ಗಡಸು ಉಕ್ಕಿನ ಬೋಲ್ಟನ್ನು ಆಮ್ಲದಲ್ಲಿ ಅದ್ದಿ ಲೇಪ ಹಾಕಿದರೆ ಹೈಡ್ರೋಜನ್ ಒಳಹೊಕ್ಕು ಅದು ಗಾಜಿನಂತೆ ಮುರಿಯಬಹುದು. ಅವುಗಳಿಗೆ ಎಣ್ಣೆ ಸವರಿ ಹಾಗೆಯೇ ಇಡಿ.