ಮಳೆ ಕೈಕೊಟ್ಟ ವರ್ಷದ ನಷ್ಟ ಯಾರ ಲೆಕ್ಕಕ್ಕೆ?

ಚಳ್ಳಕೆರೆ ತಾಲ್ಲೂಕಿನಿಂದ ಕೇಳಿದ್ದು

ನಮ್ಮದು 12 ಜನ ಹೆಂಗಸರ ಸ್ವಸಹಾಯ ಸಂಘ. ನಾಲ್ಕು ವರ್ಷದಿಂದ ಶೇಂಗಾ ಚಟ್ನಿಪುಡಿ, ಶೇಂಗಾ ಉಂಡೆ, ನವಣೆ ಹಿಟ್ಟು ಮಾಡಿ ಮಾರುತ್ತಿದ್ದೇವೆ. ಈಗ ಬೆಂಗಳೂರಿನ ಒಂದು ಕಂಪನಿಯವರು ಬಂದಿದ್ದಾರೆ. ಸಿಎಸ್‌ಆರ್ ದುಡ್ಡಲ್ಲಿ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ದುಡ್ಡಲ್ಲಿ, ಸೋಲಾರ್ ಡ್ರೈಯರ್, ಹುರಿಯುವ ಮಷೀನು ಕೊಡುತ್ತಾರಂತೆ. ಅದಕ್ಕೆ ಬದಲು ಮೂರು ವರ್ಷ ಮಾಲೆಲ್ಲ ಅವರಿಗೇ ಕೊಡಬೇಕು, ರೇಟು ಈಗಲೇ ಫಿಕ್ಸ್. ಮಹಿಳಾ ಉದ್ಯಮಿಗಳು, ಹವಾಮಾನ ಬದಲಾವಣೆ ಅಂತ ಚೆಂದದ ಫೋಟೊಗಳಿರುವ ಪುಸ್ತಕವನ್ನೂ ಕೊಟ್ಟು ಹೋದರು. ಸಂಘದಲ್ಲಿ ಅರ್ಧ ಜನ ಸಹಿ ಹಾಕೋಣ ಅನ್ನುತ್ತಾರೆ, ಅರ್ಧ ಜನಕ್ಕೆ ಭಯ. ಇಂಥ ಒಪ್ಪಂದ ಮಾಡಿಕೊಂಡವರು ಇದ್ದರೆ ಹೇಳಿ.

ಹಿರಿಯೂರಿನಿಂದ

ತಂಗಿ, ನಾವು ಸಹಿ ಹಾಕಿ ಪೆಟ್ಟು ತಿಂದವರು, ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಒಪ್ಪಂದ ಆಗಿದ್ದು 2022ರಲ್ಲಿ. ಆ ವರ್ಷ ನಮ್ಮ ಮಾರಿಕಣಿವೆ ಡ್ಯಾಂ ಕೋಡಿ ಬಿತ್ತು. 1933 ಆದ ಮೇಲೆ ಅದೇ ಮೊದಲು. ಊರಿಗೆ ಊರೇ ನೋಡೋಕೆ ಹೋಗಿತ್ತು, ನಾವೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಆ ಕಡೆ ಕೋಡಿ ನೀರಿನ ಸಂಭ್ರಮ, ಈ ಕಡೆ ಹೊಲದಲ್ಲಿ ಕಿತ್ತಿಟ್ಟ ಶೇಂಗಾ ಬಳ್ಳಿ ಒಣಗದೆ ಬೂಷ್ಟು ಹಿಡಿಯುತ್ತಿತ್ತು. ಮರುವರ್ಷ ನೋಡಿದರೆ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತಲ್ಲ, ಅದೇ ವರ್ಷ. ನಾವು ಕೊಳ್ಳುವ ಕಾಯಿ ರೇಟು ಏರಿತು. ಚಟ್ನಿಪುಡಿ ರೇಟು ಮಾತ್ರ ಕಾಗದದ ಮೇಲೆ ಬರೆದಷ್ಟೇ. ಪ್ರತಿ ಕೆಜಿಗೂ ನಾವೇ ಕೈಯಿಂದ ಹಾಕಿ ಮಾಲು ಕೊಟ್ಟೆವು. ಕೇಳಿದರೆ "ಅಗ್ರಿಮೆಂಟಲ್ಲಿ ಹಾಗೇ ಇದೆಯಲ್ಲ ಮೇಡಂ" ಅಂದರು. ಇತ್ತು, ನಿಜ. ಓದದೇ ಸಹಿ ಹಾಕಿದವರು ನಾವು.

ಅದಕ್ಕೇ ಹೇಳುವುದು, ರೇಟು ಫಿಕ್ಸ್ ಮಾಡಿಕೊಳ್ಳಬೇಡಿ. ನಿಮಗೆ ಚಳ್ಳಕೆರೆ ಎಪಿಎಂಸಿಯೇ ಹತ್ತಿರ. ಆ ತಿಂಗಳ ಅಲ್ಲಿನ ಶೇಂಗಾ ರೇಟು, ಅದರ ಮೇಲೆ ನಿಮ್ಮ ಕೂಲಿ, ಖರ್ಚು, ಇಷ್ಟು ಲಾಭ ಅಂತ ಬರೆಸಿ. ಇಷ್ಟು ಕ್ವಿಂಟಾಲ್ ಕೊಟ್ಟೇ ತೀರಬೇಕು ಅನ್ನುವ ಸಾಲು ಇದ್ದರೆ, ತಾಲ್ಲೂಕು ಬರ ಅಂತ ಘೋಷಣೆಯಾದ ವರ್ಷ ಅದು ಲಾಗೂ ಆಗಲ್ಲ ಅಂತ ಸೇರಿಸಿ. ಮಳೆ ಕೈಕೊಟ್ಟ ವರ್ಷ ಕಂಪನಿ ನಮ್ಮ ಜೊತೆ ಅರ್ಧ ಹೊರೆ ಹೊರದಿದ್ದರೆ ಅದನ್ನು ಪಾಲುದಾರಿಕೆ ಅಂತ ಯಾಕೆ ಕರೀಬೇಕು?

ಇನ್ನೊಂದು. ಆ ಬರದ ವರ್ಷವೇ ಒಂದು ಲೋಡು ಲ್ಯಾಬ್ ಟೆಸ್ಟಲ್ಲಿ ಫೇಲಾಗಿ ವಾಪಸ್ ಬಂತು. ಅಫ್ಲಟಾಕ್ಸಿನ್ ಅಂತೆ, ಬೂಷ್ಟಿನ ವಿಷ. ನಾವು ನೀಟಾಗೇ ಒಣಗಿಸಿದ್ದೆವು. ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನುತ್ತಿತ್ತು. ಆಮೇಲೆ ಗೊತ್ತಾಗಿದ್ದು ಏನೆಂದರೆ, ಕಾಯಿ ಬಲಿಯುವ ಹೊತ್ತಿಗೆ ಮಳೆ ತಪ್ಪಿ ಭೂಮಿ ಕಾದರೆ ಆ ಬೂಷ್ಟು ನೆಲದೊಳಗೇ ಸೇರಿಕೊಳ್ಳುತ್ತದೆ. ಹುರಿದರೂ ಪೂರ್ತಿ ಹೋಗಲ್ಲ. ಈಗ ಕಾಯಿ ಕೊಳ್ಳುವ ಮೊದಲೇ ಸ್ಯಾಂಪಲ್ ಕಳಿಸುತ್ತೇವೆ. ಟೆಸ್ಟ್ ಖರ್ಚು ಕಂಪನಿಯದೇ ಅಂತ ಮೊದಲೇ ಮಾತಾಡಿಕೊಳ್ಳಿ.

ದಾವಣಗೆರೆಯಿಂದ, ಲೆಕ್ಕಪತ್ರ ನೋಡುವವನು

ಅಕ್ಕ, ಮಷೀನು ಯಾರ ಹೆಸರಲ್ಲಿ ಅಂತ ಮೊದಲು ಕೇಳಿ. 2021ರಲ್ಲಿ ತಿದ್ದಿದ ಸಿಎಸ್‌ಆರ್ ನಿಯಮದ ಪ್ರಕಾರ ಆ ದುಡ್ಡಲ್ಲಿ ತಂದ ಆಸ್ತಿ ಕಂಪನಿ ಹೆಸರಲ್ಲಿ ಇರುವಂತಿಲ್ಲ. ನಿಮ್ಮಂಥ ಸಂಘದ ಹೆಸರಲ್ಲಿ ಇರಬಹುದು. ಕಂಪನಿ ತನ್ನ ಮಾಮೂಲಿ ವ್ಯಾಪಾರಕ್ಕೆ ಮಾಡುವ ಕೆಲಸವೂ ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ. ಹಾಗಿದ್ದ ಮೇಲೆ ಮಷೀನು ಕೊಡುವುದಕ್ಕೂ ಮಾಲೆಲ್ಲ ನಮಗೇ ಅನ್ನುವುದಕ್ಕೂ ಗಂಟು ಹಾಕುವುದು ಹೇಗೆ? ನಯವಾಗಿ ಕೇಳಿ ನೋಡಿ, ಷರತ್ತು ಸಡಿಲ ಆದರೂ ಆಗಬಹುದು.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ, ಆಗಿದೆಯಾ? ಇಲ್ಲದಿದ್ದರೆ ಈ ವಾರವೇ ಮಾಡಿಸಿ. ಸ್ವಸಹಾಯ ಸಂಘಕ್ಕೂ ಸಿಗುತ್ತದೆ, ಪೈಸೆ ಖರ್ಚಿಲ್ಲ, ದುಡ್ಡು ಕೇಳುವ ಏಜೆಂಟ್ ಹತ್ತಿರ ಹೋಗಬೇಡಿ. ನೋಂದಣಿ ಇದ್ದರೆ ಮಾಲು ತಗೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಅಗ್ರಿಮೆಂಟಲ್ಲಿ 90 ದಿನ ಅಂತ ಬರೆದಿದ್ದರೂ ಅದು ನಡೆಯಲ್ಲ. ತಡವಾದರೆ ಬಡ್ಡಿ, ಅದೂ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು. 2024ರ ಏಪ್ರಿಲ್‌ನಿಂದ ಇನ್ನೂ ಬಿಗಿ: ಸಮಯಕ್ಕೆ ಕೊಡದ ದುಡ್ಡನ್ನು, ಕೊಡುವ ತನಕ, ಕಂಪನಿ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಅವರ ಅಕೌಂಟ್ಸ್ ವಿಭಾಗದವರು ಹೆದರುವುದು ಇದಕ್ಕೇ.

ಜಗಳೂರಿನಿಂದ

ಡ್ರೈಯರ್ ಬಗ್ಗೆ ನನ್ನದೊಂದು ಮಾತು. ನಮಗೂ ಒಂದು ಬಂತು. ತಂದವರು ಬೇವಿನ ಮರದ ನೆರಳಲ್ಲಿ ಇಟ್ಟು, ರಿಬ್ಬನ್ ಕತ್ತರಿಸಿ, ಫೋಟೊ ತೆಗೆದುಕೊಂಡು ಹೋದರು. ಸೋಲಾರ್ ಡ್ರೈಯರ್, ನೆರಳಲ್ಲಿ! ನಾವೇ ಆರು ಜನ ಸೇರಿ ಬಯಲಿಗೆ ಎಳೆದೆವು. ಎಂಟನೇ ತಿಂಗಳಿಗೆ ಫ್ಯಾನ್ ಕೆಟ್ಟಿತು, ಫೋನ್ ಎತ್ತುವವರಿಲ್ಲ. ಐದು ವರ್ಷದ ರಿಪೇರಿ ಒಪ್ಪಂದ ಮಷೀನಿನ ಜೊತೆಗೇ ಬರಲಿ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ರಿಪೇರಿ ಮಾಡುವವರ ನಂಬರ್ ಕೈಗೆ ಬರದೆ ಸಹಿ ಬೇಡ. ಮೋಡ ಮುಚ್ಚಿದ ವಾರಕ್ಕೆ ಬೇರೆ ದಾರಿ ಏನು, ಅದನ್ನೂ ಕೇಳಿ. ನಿಮಗೆ ಒಣಗಿಸೋದು ಬೇಕಾಗೋದೇ ಮಳೆ ಹಿಡಿದಾಗ ಅಲ್ವಾ?

ಹೊಸದುರ್ಗದಿಂದ

ಎಲ್ಲರೂ ಸೇರಿ ಅವರನ್ನು ಸುಮ್ನೆ ಹೆದರಿಸಬೇಡಿ. ನಮ್ಮ ಕೊಬ್ಬರಿ ಸಂಘ ಒಂದು ಕಂಪನಿ ಜೊತೆ ಚೆನ್ನಾಗಿಯೇ ಇದೆ. ಮಾಲಿನ ಅರ್ಧ ಅವರಿಗೆ, ಇನ್ನರ್ಧ ನಾವು ಎಲ್ಲಿ ಬೇಕಾದರೂ ಮಾರಬಹುದು. ಆರ್ಡರ್ ಕೊಟ್ಟಾಗ ಮುಂಗಡ ಬರುತ್ತದೆ, ಹಾಗಾಗಿ ಮೀಟರ್ ಬಡ್ಡಿಯವರ ಮನೆ ಬಾಗಿಲು ಬಡಿಯುವುದು ನಿಂತಿತು. ನನಗೆ ಮಷೀನಿಗಿಂತ ಆ ಮುಂಗಡವೇ ದೊಡ್ಡದು. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಐದಕ್ಕೆ ಶುರು ಮಾಡಿ ಹನ್ನೊಂದಕ್ಕೆ ಒಲೆ ಆರಿಸುತ್ತೇವೆ. ಆ ಎರಡು ತಿಂಗಳು ಮಾಲು ಕಡಿಮೆ ಬರುತ್ತದೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಗುಜರಾತಿನಲ್ಲಿ ‘ಸೇವಾ’ (SEWA) ಅನ್ನುವ ದುಡಿಯುವ ಹೆಂಗಸರ ಸಂಘಟನೆಯವರಿಗೆ 2023ರಲ್ಲಿ ಬಿಸಿಲಿಗೇ ಒಂದು ವಿಮೆ ಶುರುವಾಯಿತು. ಉಷ್ಣಾಂಶ ಗೊತ್ತುಮಾಡಿದ ಮಟ್ಟ ದಾಟಿದರೆ ದುಡ್ಡು ಬರುತ್ತದೆ, ನಷ್ಟದ ಪುರಾವೆ ಕೇಳಲ್ಲ. ಅಂಥದ್ದಕ್ಕೆ ಕಂತು ಕಟ್ಟುತ್ತೀರಾ ಅಂತ ನಿಮ್ಮ ಕಂಪನಿಯನ್ನು ಕೇಳಿ. ಕೇಳೋಕೇನು ದುಡ್ಡು ಕೊಡಬೇಕಾ?

ದಾವಣಗೆರೆಯವನೇ, ಮತ್ತೆ

ಬಿಟ್ಟುಹೋಗಿತ್ತು. ಮಷೀನಿಗೋಸ್ಕರವೇ ಸಹಿ ಹಾಕುವುದಾದರೆ ಬೇಡ. ಸಣ್ಣ ಆಹಾರ ಉದ್ಯಮಗಳಿಗೆ ಅಂತ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ್ದು 35, ರಾಜ್ಯದ್ದು 15, ಒಟ್ಟು ಶೇಕಡ 50 ಸಬ್ಸಿಡಿ, 15 ಲಕ್ಷದ ಮಿತಿಯೊಳಗೆ. ಬ್ಯಾಂಕ್ ಸಾಲದ ಜೊತೆ ಬರುತ್ತದೆ. ಅರ್ಜಿ ಈಗ ತಗೊಳ್ಳುತ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಕೈಯಲ್ಲಿ ಇನ್ನೊಂದು ದಾರಿ ಇದ್ದರೆ ಮಾತಾಡುವ ಧಾಟಿಯೇ ಬೇರೆ.

ಚಳ್ಳಕೆರೆ ತಾಲ್ಲೂಕಿನಿಂದ ಉತ್ತರ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಸಂಘದಲ್ಲಿ ಇದನ್ನೆಲ್ಲ ಗಟ್ಟಿಯಾಗಿ ಓದಿದೆ. ಬೇವಿನ ಮರದ ಕಥೆಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಕಾಗದ ತೆಗೆದು ನೋಡಿದರೆ ದುಡ್ಡು 90 ದಿನಕ್ಕೆ ಅಂತಲೇ ಇದೆ. ಬರದ ಬಗ್ಗೆ ಒಂದು ಸಾಲೂ ಇಲ್ಲ. ಶುಕ್ರವಾರ ಅವರು ಮತ್ತೆ ಬರುತ್ತಾರೆ. ಅರ್ಧ ಮಾಲು, ಎಪಿಎಂಸಿ ರೇಟು, ಮುಂಗಡ, ಇಷ್ಟಕ್ಕೆ ಗಟ್ಟಿಯಾಗಿ ನಿಲ್ಲೋಣ ಅಂದುಕೊಂಡಿದ್ದೇವೆ. ಹಿರಿಯೂರಿನ ಅಕ್ಕ, ನಿಮ್ಮ ಹಳೇ ಅಗ್ರಿಮೆಂಟಿನ ಜೆರಾಕ್ಸ್ ಸಿಗುತ್ತಾ?

ಹಿರಿಯೂರಿನಿಂದ

ಜೆರಾಕ್ಸ್ ಯಾಕೆ, ಶುಕ್ರವಾರ ನಾನೇ ತಗೊಂಡು ಬರುತ್ತೇನೆ. ನಮಗೆ ಬಸ್ಸು ಹೇಗೂ ಫ್ರೀ. ಎಷ್ಟು ಗಂಟೆಗೆ ಅಂತ ಮಾತ್ರ ಹೇಳು.